ಚಿಕ್ಕ ಗಾಲಿಯ ಬೈಸಿಕಲ್ಲು

ನಂಜನಗೂಡಿನ ದೊಡ್ಡ ಜಾತ್ರೆ ಮೈಸೂರು ಸೀಮೆಗೆಲ್ಲ ಹೆಸರಾದುದು. ಫಾಲ್ಗುಣ ಮಾಸದಲ್ಲಿ ನಡೆಯುವ ಈ ಉತ್ಸವದಲ್ಲಿ ಐದು ತೇರುಗಳು ಒಂದರ ಹಿಂದೆ ಒಂದು ಹೊರಡುತ್ತವೆ. ಶ್ರೀಕಂಠೇಶ್ವರನ ಗೌತಮ ರಥ ಅವುಗಳಲ್ಲಿ ಬಲು ದೊಡ್ಡದು. ಸುತ್ತಲಿನ ಹಳ್ಳಿಗಳಿಂದ ಬಂದ ಮಕ್ಕಳ ಕಣ್ಣು ಮೊದಲು ಬೀಳುವುದು ಅದರ ಭಾರಿ ಗಾಲಿಗಳ ಮೇಲೆ. ಗಣಪತಿಯ ತೇರು ಅದಕ್ಕಿಂತ ಬಹಳ ಚಿಕ್ಕದು; ಆದರೂ ಎಲ್ಲಕ್ಕಿಂತ ಮುಂದೆ ಹೊರಡುವುದು ಅದೇ. ದೊಡ್ಡದನ್ನು ಕಂಡು ಬೆರಗಾಗುವುದು, ಚಿಕ್ಕದನ್ನು ಕಂಡು ಮುಗುಳ್ನಗುವುದು ಮನುಷ್ಯನ ಸಹಜ ಸ್ವಭಾವ. ಈ ಸ್ವಭಾವ ಜಾತ್ರೆಯ ಬೀದಿಯಲ್ಲಷ್ಟೇ ಅಲ್ಲ, ಯಂತ್ರಗಳ ಇತಿಹಾಸದಲ್ಲಿಯೂ ಕಂಡುಬರುತ್ತದೆ.

ಇದೇ ನಂಜನಗೂಡು ತಾಲ್ಲೂಕಿನ ಹೆಡತಲೆ ಒಂದು ಪುರಾತನ ಗ್ರಾಮ. ಹೊಯ್ಸಳರ ಕಾಲದ ಲಕ್ಷ್ಮೀಕಾಂತಸ್ವಾಮಿ ದೇವಾಲಯ ಇಲ್ಲಿದೆ. ಹದಿನಾರು ಮುಖದ ಚಾವಡಿ ಎಂಬ ಮಂಟಪವೂ ಇದೆ. ನಾಯಕನೊಬ್ಬನು ತನ್ನ ಹದಿನಾರು ಮಂದಿ ಅಳಿಯಂದಿರಿಗಾಗಿ ಇದನ್ನು ಕಟ್ಟಿಸಿದನೆಂದು ಜನ ಹೇಳುತ್ತಾರೆ. ಶಿಲ್ಪವನ್ನು ನೋಡಲು ಬಂದವರು ಕಂಬಗಳನ್ನೂ ಭಿತ್ತಿಗಳನ್ನೂ ಕಣ್ತುಂಬ ನೋಡಿ ಹೋಗುತ್ತಾರೆ. ಆದರೆ ಇಂತಹ ಊರುಗಳ ಮನೆಗೋಡೆಗೆ ಒರಗಿ ನಿಂತಿರುವ ಹಳೆಯ ಬೈಸಿಕಲ್ಲಿನ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ. ಡೈರಿಗೆ ಹಾಲಿನ ಕ್ಯಾನು, ಗಿರಣಿಗೆ ಭತ್ತದ ಮೂಟೆ, ಸಂತೆಗೆ ಬಾಳೆಗೊನೆ, ಆಸ್ಪತ್ರೆಗೆ ರೋಗಿ, ಶಾಲೆಗೆ ಮಗು, ಹೀಗೆ ಎಷ್ಟೋ ವರ್ಷ ಒಂದು ಸಂಸಾರವನ್ನೇ ಹೊತ್ತು ತಿರುಗಿದ ವಾಹನ ಅದು.

ಹಳ್ಳಿಗಾಡಿನಲ್ಲಿ ಒಂದು ಕಾಲಕ್ಕೆ ಬೈಸಿಕಲ್ಲನ್ನು ಕಲಿಯುವುದೇ ಒಂದು ಸಾಹಸವಾಗಿತ್ತು. ಮನೆಯಲ್ಲಿದ್ದುದು 28 ಅಂಗುಲದ ಗಾಲಿಗಳ, ಎತ್ತರದ ಕಬ್ಬಿಣದ ಸೈಕಲ್ಲು. ಹತ್ತು ಹನ್ನೆರಡು ವರ್ಷದ ಹುಡುಗನಿಗೆ ಸೀಟು ಎಟುಕುತ್ತಿರಲಿಲ್ಲ. ಅವನು ಅಡ್ಡ ಬಾರಿನ ಕೆಳಗೆ ಒಂದು ಕಾಲನ್ನು ತೂರಿಸಿ, ಮೈಯನ್ನು ಬಿಲ್ಲಿನಂತೆ ಬಾಗಿಸಿ, ಒಳಪೆಡಲು ತುಳಿಯಬೇಕಾಗಿತ್ತು. ಮೊಣಕಾಲು ತರಚದೆ ಸೈಕಲ್ಲು ಕಲಿತವರು ವಿರಳ. ಲಂಗ ಉಟ್ಟ ಹುಡುಗಿಗೆ ಈ ಉಪಾಯವೂ ಕಷ್ಟಸಾಧ್ಯವಾಗಿತ್ತು. ಊರಿನ ಸೈಕಲ್ ಷಾಪಿನಲ್ಲಿ ಗಂಟೆಗಿಷ್ಟು ಎಂದು ಬಾಡಿಗೆಗೆ ಸಿಗುತ್ತಿದ್ದ ಒಂದೆರಡು ಚಿಕ್ಕ ಸೈಕಲ್ಲುಗಳಿಗಾಗಿ ರಜೆಯ ದಿನ ಮಕ್ಕಳು ಸಾಲುಗಟ್ಟಿ ನಿಲ್ಲುತ್ತಿದ್ದರು. ಆ ಚಿಕ್ಕ ಸೈಕಲ್ಲನ್ನು ದೊಡ್ಡವರು ಯಾರಾದರೂ ಏರಿದರೆ ಇಡೀ ಬೀದಿಯೇ ನಗುತ್ತಿತ್ತು. ಚಿಕ್ಕ ಗಾಲಿ ಎಂದರೆ ಮಕ್ಕಳ ಆಟದ ಸಾಮಾನು ಎಂಬುದು ಎಲ್ಲರ ನಂಬಿಕೆಯಾಗಿತ್ತು.

ಈ ನಂಬಿಕೆ ಸರಿಯೆ? ಬೈಸಿಕಲ್ಲಿನ ಗಾಲಿ ಇಷ್ಟೇ ದೊಡ್ಡದಿರಬೇಕೆಂದು ಗೊತ್ತುಮಾಡಿದವರು ಯಾರು? ಮನುಷ್ಯನು ಯಂತ್ರಕ್ಕೆ ಹೊಂದಿಕೊಳ್ಳಬೇಕೋ, ಯಂತ್ರವು ಮನುಷ್ಯನಿಗೆ ಹೊಂದಿಕೊಳ್ಳಬೇಕೋ? ಈ ಪ್ರಶ್ನೆಗಳಿಗೆ ಉತ್ತರ ದೊರೆಯಬೇಕಾದರೆ ಬೈಸಿಕಲ್ಲಿನ ಪೂರ್ವಕಥೆಯನ್ನು ಸ್ವಲ್ಪ ತಿಳಿಯುವುದು ಅವಶ್ಯಕ.

ಜರ್ಮನಿಯ ಕಾರ್ಲ್ ಡ್ರೈಸ್ ಎಂಬುವರು 1817ರಲ್ಲಿ ಎರಡು ಗಾಲಿಗಳ ಮರದ ವಾಹನವೊಂದನ್ನು ರಚಿಸಿದರು. ಅದಕ್ಕೆ ಪೆಡಲು ಇರಲಿಲ್ಲ. ಸವಾರನು ಅದರ ಮೇಲೆ ಕುಳಿತು ಕಾಲುಗಳಿಂದ ನೆಲವನ್ನು ಒದೆಯುತ್ತ ಮುಂದೆ ಸಾಗಬೇಕಾಗಿತ್ತು. 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಮುಂದಿನ ಗಾಲಿಗೆ ಪೆಡಲನ್ನು ಜೋಡಿಸಿದರು. ಆಗ ಒಂದು ಹೊಸ ತೊಡಕು ಕಾಣಿಸಿಕೊಂಡಿತು. ಪೆಡಲು ಗಾಲಿಗೇ ಜೋಡಣೆಯಾಗಿದ್ದುದರಿಂದ, ಪೆಡಲು ಒಂದು ಸುತ್ತು ಬಂದರೆ ಗಾಲಿಯೂ ಒಂದೇ ಸುತ್ತು ಬರುತ್ತಿತ್ತು. ವೇಗ ಹೆಚ್ಚಬೇಕಾದರೆ ಗಾಲಿಯನ್ನು ಹಿಗ್ಗಿಸುವುದಲ್ಲದೆ ಬೇರೆ ದಾರಿ ಇರಲಿಲ್ಲ. ಗಾಲಿ ಬೆಳೆಯುತ್ತ ಬೆಳೆಯುತ್ತ ಸುಮಾರು ಒಂದೂವರೆ ಮೀಟರಿನಷ್ಟು ಎತ್ತರಕ್ಕೆ ಏರಿತು. ಮುಂದೆ ಭಾರಿ ಗಾಲಿ, ಹಿಂದೆ ಪುಟ್ಟ ಗಾಲಿ, ಇವೆರಡರ ಮೇಲೆ ಆಳೆತ್ತರದಲ್ಲಿ ಸವಾರ. ದಾರಿಯಲ್ಲಿ ಒಂದು ಕಲ್ಲು ಅಡ್ಡ ಬಂದರೆ ಸವಾರನು ತಲೆಕೆಳಗಾಗಿ ಬೀಳುತ್ತಿದ್ದನು. ಇಂತಹ ಸೈಕಲ್ಲನ್ನು ಏರುವುದು ಕಟ್ಟುಮಸ್ತಾದ ತರುಣರಿಗೆ ಮಾತ್ರ ಸಾಧ್ಯವಾಗಿತ್ತು.

ಈ ತೊಡಕನ್ನು ಬಿಡಿಸಿದುದು ಚೈನು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಅವರು ಹಿಂದಿನ ಗಾಲಿಗೆ ಚೈನಿನ ಮೂಲಕ ಶಕ್ತಿಯನ್ನು ಒದಗಿಸುವ ಬೈಸಿಕಲ್ಲನ್ನು ಹೊರತಂದರು. ಎರಡು ಗಾಲಿಗಳೂ ಹೆಚ್ಚುಕಡಿಮೆ ಸಮವಾಗಿದ್ದುದರಿಂದ ಬೀಳುವ ಭಯ ಕಡಿಮೆಯಾಯಿತು. ಮೂರು ವರ್ಷಗಳ ತರುವಾಯ, 1888ರಲ್ಲಿ, ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯರು ಗಾಳಿ ತುಂಬಿದ ಟೈರಿಗೆ ಪೇಟೆಂಟು ಪಡೆದರು. ಅವರು ಆ ಟೈರನ್ನು ಮೊದಲು ಮಾಡಿದ್ದು ತಮ್ಮ ಪುಟ್ಟ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಎಂಬುದು ಗಮನಾರ್ಹ. ಲೋಕದ ವಾಹನಗಳೆಲ್ಲ ಇಂದು ಗಾಳಿಯ ಮೇಲೆ ಓಡುತ್ತಿವೆಯಾದರೆ ಅದಕ್ಕೆ ಒಂದು ಮಗುವಿನ ಚಿಕ್ಕ ಗಾಡಿಯೇ ಕಾರಣವಾಯಿತು.

ಚೈನು ಬಂದ ಮೇಲೆ ದೊಡ್ಡ ಗಾಲಿಯ ಅಗತ್ಯವೇ ಇಲ್ಲವಾಯಿತು. ಇದನ್ನು ಒಂದು ಸರಳವಾದ ಲೆಕ್ಕದಿಂದ ತಿಳಿಯಬಹುದು. 28 ಅಂಗುಲ ವ್ಯಾಸದ ಗಾಲಿಯ ಸುತ್ತಳತೆ ಸುಮಾರು 2.23 ಮೀಟರು. ಪೆಡಲಿನ ಬಳಿಯ ಹಲ್ಲುಚಕ್ರದಲ್ಲಿ 44 ಹಲ್ಲು, ಹಿಂದಿನ ಗಾಲಿಯ ಹಲ್ಲುಚಕ್ರದಲ್ಲಿ 18 ಹಲ್ಲು ಇದ್ದರೆ, ಪೆಡಲಿನ ಒಂದು ಸುತ್ತಿಗೆ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗಿ, ಸೈಕಲ್ಲು 5.45 ಮೀಟರು ಮುಂದೆ ಹೋಗುತ್ತದೆ. 16 ಅಂಗುಲದ ಗಾಲಿಯ ಸುತ್ತಳತೆ ಸುಮಾರು 1.28 ಮೀಟರು ಮಾತ್ರ. ಆದರೆ ಅದಕ್ಕೆ ಮುಂದೆ 52 ಹಲ್ಲು, ಹಿಂದೆ 12 ಹಲ್ಲು ಜೋಡಿಸಿದರೆ, ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಸುಮಾರು 5.55 ಮೀಟರು ಸಾಗುತ್ತದೆ. ಚಿಕ್ಕ ಗಾಲಿಯ ಸೈಕಲ್ಲಿನಲ್ಲಿ ಹೆಚ್ಚು ಬಾರಿ ತುಳಿಯಬೇಕು ಎಂಬ ಸಾಮಾನ್ಯವಾದ ತಿಳಿವಳಿಕೆ ತಪ್ಪೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹೆಚ್ಚು ತಿರುಗುವುದು ಗಾಲಿ, ಕಾಲಲ್ಲ.

ಹೀಗಿದ್ದರೂ ಸ್ಟಾರ್ಲಿ ಅವರ ಕಾಲದಿಂದ ಮುಂದೆ ಸುಮಾರು ಎಪ್ಪತ್ತು ವರ್ಷಗಳ ಕಾಲ ದೊಡ್ಡವರ ಸೈಕಲ್ಲುಗಳ ಗಾಲಿ 26ರಿಂದ 28 ಅಂಗುಲದಲ್ಲಿಯೇ ಬಹುಮಟ್ಟಿಗೆ ನಿಂತುಬಿಟ್ಟಿತು. ಅದಕ್ಕೆ ಒಂದು ಸಕಾರಣವೂ ಇತ್ತು. ದಾರಿಯಲ್ಲಿ ಕಲ್ಲು ಅಥವಾ ಹಳ್ಳ ಎದುರಾದಾಗ ದೊಡ್ಡ ಗಾಲಿ ಅದನ್ನು ನಿಧಾನವಾಗಿ ಏರಿ ಇಳಿಯುತ್ತದೆ. ಚಿಕ್ಕ ಗಾಲಿ ಅದಕ್ಕೆ ಡಿಕ್ಕಿ ಹೊಡೆಯುತ್ತದೆ. ದೊಡ್ಡ ಗಾಲಿ ಹಾದುಹೋಗುವ ಗುಂಡಿಯಲ್ಲಿ ಚಿಕ್ಕ ಗಾಲಿ ಇಳಿದು ಕೂರುತ್ತದೆ. ಗ್ರಾಮದ ಎತ್ತಿನಗಾಡಿಯ ಗಾಲಿಯನ್ನು ನಮ್ಮ ಹಿರಿಯರು ಅಷ್ಟು ದೊಡ್ಡದಾಗಿ ಮಾಡಿದ್ದು ಕೆಸರನ್ನೂ ಕೊರಕಲನ್ನೂ ದಾಟುವ ಸಲುವಾಗಿಯೇ. ಆದರೆ ಸೈಕಲ್ಲು ತಯಾರಕರು ಈ ಕಾರಣವನ್ನು ಪರೀಕ್ಷಿಸಿ ನೋಡಿ ಆ ಅಳತೆಯನ್ನು ಉಳಿಸಿಕೊಳ್ಳಲಿಲ್ಲ; ರೂಢಿಯಲ್ಲಿದ್ದುದರಿಂದ ಉಳಿಸಿಕೊಂಡರು. ಕಾರಣ ಮರೆತುಹೋದ ಮೇಲೂ ರೂಢಿ ಮಾತ್ರ ಉಳಿಯುವುದು ಲೋಕದಲ್ಲಿ ಹೊಸದೇನೂ ಅಲ್ಲ.

ಈ ರೂಢಿಯನ್ನು ಪ್ರಶ್ನಿಸಿದವರು ಇಂಗ್ಲೆಂಡಿನ ಅಲೆಕ್ಸ್ ಮೋಲ್ಟನ್. 1920ರಲ್ಲಿ ಜನಿಸಿದ ಇವರು ಬ್ರಾಡ್‌ಫರ್ಡ್-ಆನ್-ಏವನ್ ಎಂಬ ಸಣ್ಣ ಪಟ್ಟಣದ ನಿವಾಸಿ. ರಬ್ಬರ್ ಕೈಗಾರಿಕೆ ಅವರ ಮನೆತನದ ಕಸುಬು. ಅವರ ಪೂರ್ವಿಕರಾದ ಸ್ಟೀಫನ್ ಮೋಲ್ಟನ್ 1848ರಲ್ಲಿಯೇ ಅಲ್ಲಿ ರಬ್ಬರ್ ಕಾರ್ಖಾನೆಯನ್ನು ಸ್ಥಾಪಿಸಿದ್ದರು. 1959ರಲ್ಲಿ ಬಂದ ಪ್ರಸಿದ್ಧವಾದ ಮಿನಿ ಕಾರನ್ನು ರೂಪಿಸಿದವರು ಅಲೆಕ್ ಇಸಿಗೋನಿಸ್. ಅವರ ಮಿತ್ರರಾದ ಮೋಲ್ಟನ್ ಆ ಕಾರಿನ ಚಿಕ್ಕ ಗಾಲಿಗಳಿಗೆ ತಕ್ಕ ರಬ್ಬರಿನ ಸ್ಪ್ರಿಂಗನ್ನು ರೂಪಿಸಿಕೊಟ್ಟರು. ಗಾಲಿ ಚಿಕ್ಕದಾದಾಗ ಹೆಚ್ಚುವ ಕುಲುಕಾಟವನ್ನು ತಡೆಯುವುದು ಹೇಗೆ ಎಂಬ ವಿದ್ಯೆ ಹೀಗೆ ಅವರಿಗೆ ಕರಗತವಾಗಿತ್ತು.

1956ರಲ್ಲಿ ಸೂಯೆಜ್ ಕಾಲುವೆಯ ವಿವಾದ ಯುದ್ಧಕ್ಕೆ ತಿರುಗಿ, ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ತೀವ್ರ ಅಭಾವ ಉಂಟಾಯಿತು. ಪಡಿತರದ ಪೆಟ್ರೋಲು ಸಾಲದೆ ಜನ ಪರದಾಡಿದರು. ಮೋಲ್ಟನ್ ಅವರ ಮನಸ್ಸು ಆಗ ಬೈಸಿಕಲ್ಲಿನ ಕಡೆಗೆ ಹರಿಯಿತು. ಒಳ್ಳೆಯ ಸೈಕಲ್ಲೊಂದನ್ನು ಕೊಂಡು ಸವಾರಿ ಮಾಡಿ ಅವರು ಸಂತೋಷಪಟ್ಟರು; ಅಲ್ಲಿಗೆ ನಿಲ್ಲದೆ, ಇದನ್ನು ಇನ್ನೂ ಉತ್ತಮಪಡಿಸಲು ಸಾಧ್ಯವಿಲ್ಲವೆ ಎಂದು ಯೋಚಿಸತೊಡಗಿದರು. ಹೆಂಗಸರಿಗೆ ಒಂದು ಬಗೆ, ಗಂಡಸರಿಗೆ ಒಂದು ಬಗೆ, ಎತ್ತರದವರಿಗೆ ಒಂದು ಅಳತೆ, ಕುಳ್ಳರಿಗೆ ಮತ್ತೊಂದು ಅಳತೆ ಏಕೆ ಬೇಕು? ಸಾಮಾನು ಹೊರಲು ಸೈಕಲ್ಲಿನಲ್ಲಿ ಸರಿಯಾದ ಸ್ಥಳವೇಕಿಲ್ಲ? ಇವು ಅವರ ಪ್ರಶ್ನೆಗಳು.

ಗಾಲಿ ಚಿಕ್ಕದಾದರೆ ಅನೇಕ ಅನುಕೂಲಗಳು ಒಮ್ಮೆಗೇ ದೊರೆಯುತ್ತವೆ ಎಂಬುದನ್ನು ಅವರು ಕಂಡುಕೊಂಡರು. ಚಿಕ್ಕ ಗಾಲಿಯ ಕಡ್ಡಿಗಳು ಗಿಡ್ಡವಾದ್ದರಿಂದ ಗಾಲಿ ಗಟ್ಟಿಯಾಗುತ್ತದೆ. ಅದು ಹಗುರವಾದ್ದರಿಂದ ನಿಂತ ಸೈಕಲ್ಲು ಬೇಗನೆ ವೇಗವನ್ನು ಪಡೆಯುತ್ತದೆ. ಗಾಲಿಯ ಮೇಲಿನ ಜಾಗದಲ್ಲಿ ಭಾರವನ್ನು ತಗ್ಗಿನಲ್ಲಿ ಇರಿಸಬಹುದಾದ್ದರಿಂದ ಸೈಕಲ್ಲು ಓಲಾಡುವುದಿಲ್ಲ. ಎಲ್ಲಕ್ಕೂ ಮಿಗಿಲಾಗಿ, ಅಡ್ಡ ಬಾರು ಇಲ್ಲದ ತಗ್ಗಾದ ಚೌಕಟ್ಟನ್ನು ಮಾಡಿ, ಸೀಟನ್ನೂ ಹ್ಯಾಂಡಲನ್ನೂ ಏರಿಸಿ ಇಳಿಸಿದರೆ ಮನೆಮಂದಿಯೆಲ್ಲ ಒಂದೇ ಸೈಕಲ್ಲನ್ನು ಬಳಸಬಹುದು. ಉಳಿದುದು ಎರಡು ಕೊರತೆ. ಒಂದು, ಕುಲುಕಾಟ, ಮತ್ತೊಂದು, ರಸ್ತೆಯ ಮೇಲೆ ಚಿಕ್ಕ ಟೈರು ಹೆಚ್ಚು ಎಳೆತವನ್ನು ತೋರುವುದು. ಮೊದಲನೆಯದಕ್ಕೆ ಅವರು ಮುಂದೆಯೂ ಹಿಂದೆಯೂ ರಬ್ಬರನ್ನು ಬಳಸಿದ ಸ್ಪ್ರಿಂಗಿನ ವ್ಯವಸ್ಥೆಯನ್ನು ಅಳವಡಿಸಿದರು. ಎರಡನೆಯದಕ್ಕೆ ಕಿರಿದಾದ, ಹೆಚ್ಚು ಗಾಳಿಯ ಒತ್ತಡವನ್ನು ತಾಳುವ ಟೈರನ್ನು ಬಳಸಿದರು.

ಮೋಲ್ಟನ್ ತಮ್ಮ ಮಾದರಿಯನ್ನು ಮೊದಲು ನಾಟಿಂಗ್‌ಹ್ಯಾಮಿನ ರ್ಯಾಲಿ ಸಂಸ್ಥೆಗೆ ತೋರಿಸಿದರು. ರ್ಯಾಲಿ ಅಂದಿನ ಬೈಸಿಕಲ್ ಲೋಕದ ದೈತ್ಯ ಸಂಸ್ಥೆ. ಆದರೆ ಅದು ಈ ಹೊಸ ಮಾದರಿಯನ್ನು ಒಪ್ಪಲಿಲ್ಲ. ಮೋಲ್ಟನ್ ಎದೆಗುಂದದೆ ತಮ್ಮ ಊರಿನಲ್ಲಿಯೇ ಕಾರ್ಖಾನೆಯನ್ನು ತೆರೆದರು. 1962ರ ನವೆಂಬರಿನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ 16 ಅಂಗುಲದ ಗಾಲಿಗಳ ಮೋಲ್ಟನ್ ಬೈಸಿಕಲ್ಲು ಜನರ ಮುಂದೆ ಬಂದಿತು. ನಗಲು ಸಿದ್ಧರಾಗಿದ್ದವರಿಗೆ ಉತ್ತರ ಬೇಗನೆ ದೊರೆಯಿತು. ಅದೇ ವರ್ಷ ಜಾನ್ ವುಡ್‌ಬರ್ನ್ ಎಂಬ ಸೈಕಲ್ ಸವಾರರು ಮೋಲ್ಟನ್ನಿನ ಮೇಲೆ ಕಾರ್ಡಿಫಿನಿಂದ ಲಂಡನ್ನಿಗೆ ಸವಾರಿ ಮಾಡಿ, ಆ ದಾರಿಯ ಹಿಂದಿನ ದಾಖಲೆಯನ್ನು ಮುರಿದರು. ಚಿಕ್ಕ ಗಾಲಿ ಆಟದ ಸಾಮಾನಲ್ಲ ಎಂಬುದು ಸಿದ್ಧವಾಯಿತು. ಕೆಲವೇ ವರ್ಷಗಳಲ್ಲಿ ಮೋಲ್ಟನ್ ಬ್ರಿಟನ್ನಿನ ದೊಡ್ಡ ಸೈಕಲ್ ತಯಾರಕರಲ್ಲಿ ಒಬ್ಬರಾದರು.

ಇತ್ತ ರ್ಯಾಲಿ ಸಂಸ್ಥೆ ಸುಮ್ಮನೆ ಕೂರಲಿಲ್ಲ. ಅದು 1965ರಲ್ಲಿ 16 ಅಂಗುಲದ ಗಾಲಿಗಳ ತನ್ನದೇ ಮಾದರಿಯನ್ನು ಮಾರುಕಟ್ಟೆಗೆ ತಂದಿತು. ಅದರ ಹೆಸರು ಆರ್.ಎಸ್.ಡಬ್ಲ್ಯು. 16. ನೋಟಕ್ಕೆ ಅದೂ ಚಿಕ್ಕ ಗಾಲಿಯ ಸೈಕಲ್ಲೇ. ಆದರೆ ಅದರಲ್ಲಿ ಸ್ಪ್ರಿಂಗಿನ ವ್ಯವಸ್ಥೆ ಇರಲಿಲ್ಲ. ಕುಲುಕಾಟವನ್ನು ತಡೆಯಲು ದಪ್ಪನೆಯ, ಕಡಿಮೆ ಗಾಳಿಯ ಟೈರುಗಳನ್ನು ಹಾಕಿದ್ದರು. ಇದರಿಂದ ಕುಲುಕಾಟವೇನೋ ತಗ್ಗಿತು. ಆದರೆ ಸೈಕಲ್ಲು ಭಾರವಾಗಿ, ತುಳಿಯುವವನ ಬೆವರಿಳಿಸಿತು. ಮೋಲ್ಟನ್ ಅವರು ಗಾಲಿಯನ್ನು ಚಿಕ್ಕದು ಮಾಡುವುದರೊಂದಿಗೆ ಅದರಿಂದಾಗುವ ಎರಡು ಕೊರತೆಗಳನ್ನೂ ತುಂಬಿದ್ದರು. ಅನುಕರಣೆ ಮಾಡಿದವರು ಒಂದನ್ನು ತುಂಬಲು ಹೋಗಿ ಮತ್ತೊಂದನ್ನು ಹೆಚ್ಚಿಸಿದರು. ಹೊರಗಿನ ರೂಪವನ್ನು ಮಾತ್ರ ಕಂಡು, ಒಳಗಿನ ಕಾರಣವನ್ನು ಅರಿಯದೆ ಮಾಡುವ ಅನುಕರಣೆಯ ಫಲ ಸಾಮಾನ್ಯವಾಗಿ ಹೀಗೆಯೇ.

ಆದರೂ ರ್ಯಾಲಿಯ ಮಾರಾಟದ ಬಲ ದೊಡ್ಡದು. ಮೋಲ್ಟನ್ ಸೈಕಲ್ಲಿನ ಬೆಲೆಯೂ ಹೆಚ್ಚಾಗಿತ್ತು. ಮೊದಲಿನ ಮಾದರಿಗಳ ಹಿಂದಿನ ಕವಲಿನಲ್ಲಿ ಬಿರುಕು ಬಿಡುವ ದೋಷವೂ ಇತ್ತು. 1967ರಲ್ಲಿ ಮೋಲ್ಟನ್ ತಮ್ಮ ಸೈಕಲ್ ಉದ್ಯಮವನ್ನು ರ್ಯಾಲಿಗೇ ಮಾರಿದರು. 1974ರ ಹೊತ್ತಿಗೆ ಆ ಸೈಕಲ್ಲಿನ ತಯಾರಿಕೆ ನಿಂತಿತು. ರ್ಯಾಲಿ ತಾನು ಕಲಿತ ಪಾಠದಿಂದ 1968ರಲ್ಲಿ 20 ಅಂಗುಲದ ಗಾಲಿಗಳ 'ಟ್ವೆಂಟಿ' ಎಂಬ ಮಾದರಿಯನ್ನು ತಂದಿತು. ಇದು ಸರಳ, ಗಟ್ಟಿಮುಟ್ಟು, ಅಗ್ಗ. 1970ರ ದಶಕದಲ್ಲಿ ಬ್ರಿಟನ್ನಿನ ಮನೆಮನೆಯನ್ನೂ ಇದು ಸೇರಿತು. ಆಮೇಲೆ ಜನರ ಅಭಿರುಚಿ ಬದಲಾಯಿತು. ಬೆಟ್ಟ ಹತ್ತುವ ಸೈಕಲ್ಲುಗಳ ಕಾಲ ಬಂದಿತು. ಚಿಕ್ಕ ಗಾಲಿಯ ಸೈಕಲ್ಲುಗಳು ಹಿತ್ತಲು ಸೇರಿ ತುಕ್ಕು ಹಿಡಿದವು. ಅನೇಕವು ಗುಜರಿಗೆ ಹೋದವು.

ಈ ಹಂತದಲ್ಲಿ ಅವುಗಳ ನೆರವಿಗೆ ಬಂದವರು ಹವ್ಯಾಸಿ ಸಂಗ್ರಾಹಕರು. ಹಳೆಯ ಬೈಸಿಕಲ್ಲುಗಳನ್ನು ಉಳಿಸಬೇಕೆಂಬ ಆಸಕ್ತರು ಬ್ರಿಟನ್ನಿನಲ್ಲಿ 1955ರಲ್ಲಿಯೇ ಒಂದು ಸಂಘವನ್ನು ಕಟ್ಟಿಕೊಂಡಿದ್ದರು; ಅದು ವೆಟರನ್ ಸೈಕಲ್ ಕ್ಲಬ್ ಎಂದು ಹೆಸರಾಯಿತು. ಮೋಲ್ಟನ್ ಸೈಕಲ್ಲಿನ ಅಭಿಮಾನಿಗಳೂ ತಮ್ಮದೇ ಸಂಘವನ್ನು ರಚಿಸಿಕೊಂಡರು. ಇವರಲ್ಲಿ ಹೆಚ್ಚಿನವರು ಶ್ರೀಮಂತರೇನಲ್ಲ. ಉಪಾಧ್ಯಾಯರು, ಗುಮಾಸ್ತರು, ಮೆಕ್ಯಾನಿಕರು, ನಿವೃತ್ತರು, ಹೀಗೆ ಸಾಮಾನ್ಯ ಜನರೇ ಇವರಲ್ಲಿ ಅಧಿಕ. ತುಕ್ಕು ಹಿಡಿದ ಚೌಕಟ್ಟೊಂದು ಸಿಕ್ಕಿದರೆ ಇವರಿಗೆ ನಿಧಿ ಸಿಕ್ಕಿದಂತೆ.

ಸಂಗ್ರಾಹಕನ ಕೆಲಸ ಹೊರಗಿನವರು ತಿಳಿದಷ್ಟು ಸುಲಭವಲ್ಲ. ಮೊದಲು ಆ ಸೈಕಲ್ಲು ಯಾವ ವರ್ಷದ್ದೆಂದು ಗೊತ್ತುಹಚ್ಚಬೇಕು. ಚೌಕಟ್ಟಿನ ಮೇಲೆ ಕೊರೆದ ಸಂಖ್ಯೆ ಒಂದು ಸಾಕ್ಷಿ. ಹಿಂದಿನ ಗಾಲಿಯ ನಡುವಿನ ಹಬ್ ಮತ್ತೊಂದು ಸಾಕ್ಷಿ. ಸ್ಟರ್ಮಿ-ಆರ್ಚರ್ ಎಂಬ ಸಂಸ್ಥೆಯ ಮೂರು ವೇಗದ ಹಬ್‌ಗಳ ಮೇಲೆ ಅವು ತಯಾರಾದ ವರ್ಷವನ್ನು ಅಂಕಿಯಲ್ಲಿ ಒತ್ತಿರುತ್ತಿದ್ದರು. ಮಣ್ಣನ್ನೂ ಜಿಡ್ಡನ್ನೂ ಒರಸಿ ಆ ಪುಟ್ಟ ಅಂಕಿಯನ್ನು ಓದುವ ಸಂಗ್ರಾಹಕನಿಗೂ, ಹೆಡತಲೆಯಂತಹ ಊರಿನಲ್ಲಿ ಶಿಲಾಶಾಸನದ ಅಕ್ಷರವನ್ನು ಓದುವ ವಿದ್ವಾಂಸನಿಗೂ ಕಾರ್ಯದಲ್ಲಿ ಭೇದವಿಲ್ಲ. ಆದರೆ ಹಬ್ಬನ್ನು ಯಾರಾದರೂ ಬದಲಾಯಿಸಿರಬಹುದು. ಆದಕಾರಣ ಒಂದು ಸಾಕ್ಷಿಯನ್ನೇ ನಂಬದೆ, ಎರಡು ಮೂರನ್ನು ಹೋಲಿಸಿ ನೋಡಿ ನಿರ್ಧರಿಸಬೇಕು.

ಮುಂದಿನ ಕಷ್ಟ ಬಿಡಿಭಾಗಗಳದ್ದು. ಇಲ್ಲಿ ಒಂದು ವಿಚಿತ್ರವಾದ ಸಂಗತಿಯಿದೆ. '20 ಅಂಗುಲ' ಎಂದು ಬರೆದ ಟೈರುಗಳೆಲ್ಲ ಒಂದೇ ಅಳತೆಯವಲ್ಲ. ರ್ಯಾಲಿ ಟ್ವೆಂಟಿಯ ಟೈರು ರಿಮ್ಮಿನ ಮೇಲೆ ಕೂರುವ ಅಂಚಿನ ವ್ಯಾಸ 451 ಮಿಲಿಮೀಟರು, ಬಿ.ಎಂ.ಎಕ್ಸ್. ಮಾದರಿಯ ಸೈಕಲ್ಲಿನ 20 ಅಂಗುಲದ ಟೈರಿಗೆ ಅದೇ ಅಳತೆ 406 ಮಿಲಿಮೀಟರು. ವ್ಯತ್ಯಾಸ 45 ಮಿಲಿಮೀಟರು. ಹೆಸರನ್ನು ನಂಬಿ ಕೊಂಡವನಿಗೆ ಟೈರು ರಿಮ್ಮನ್ನು ಹತ್ತುವುದೇ ಇಲ್ಲ. 20 ಅಂಗುಲವೆಂಬುದು ಗಾಳಿ ತುಂಬಿದ ಟೈರಿನ ಹೊರ ಅಳತೆ. ದಪ್ಪ ಟೈರಿಗೆ ರಿಮ್ಮು ಕಿರಿದು, ತೆಳು ಟೈರಿಗೆ ರಿಮ್ಮು ಹಿರಿದು. ಹೆಸರು ಒಂದೇ ಆದ ಮಾತ್ರಕ್ಕೆ ವಸ್ತು ಒಂದೇ ಆಗದು ಎಂಬ ಪಾಠವನ್ನು ಹೊಸ ಸಂಗ್ರಾಹಕನು ಹಣ ಕಳೆದುಕೊಂಡು ಕಲಿಯುತ್ತಾನೆ.

ಇಂತಹ ನಷ್ಟ ಇತರರಿಗೆ ಆಗದಿರಲೆಂದು ತಾವು ಕಲಿತುದನ್ನೆಲ್ಲ ಬರೆದಿಟ್ಟವರಲ್ಲಿ ಅಮೆರಿಕದ ಷೆಲ್ಡನ್ ಬ್ರೌನ್ ಸ್ಮರಣೀಯರು. 1944ರಲ್ಲಿ ಜನಿಸಿದ ಇವರು ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಸೈಕಲ್ ಅಂಗಡಿಯಲ್ಲಿ ಮೆಕ್ಯಾನಿಕರಾಗಿದ್ದರು. ಕಡ್ಡಿ ಬಿಗಿಯುವುದು ಹೇಗೆ, ಹಬ್ ಬಿಚ್ಚುವುದು ಹೇಗೆ, ಯಾವ ರಿಮ್ಮಿಗೆ ಯಾವ ಟೈರು ಹೊಂದುತ್ತದೆ ಎಂಬುದನ್ನೆಲ್ಲ ಲೋಕಕ್ಕೆ ಉಚಿತವಾಗಿ ತಿಳಿಸಿಕೊಟ್ಟರು. ಜನ ಕಡೆಗಣಿಸಿದ್ದ ರ್ಯಾಲಿ ಟ್ವೆಂಟಿಯ ಗುಣವನ್ನು ಎತ್ತಿ ಹಿಡಿದು, ತಾವೂ ಒಂದನ್ನು ಸುಧಾರಿಸಿ ಬಳಸಿದರು. ಕೊನೆಗಾಲದಲ್ಲಿ ನರಗಳ ಕಾಯಿಲೆಯಿಂದ ನಡೆಯುವುದು ಕಷ್ಟವಾದಾಗಲೂ ಅವರು ಈ ಕೆಲಸವನ್ನು ಬಿಡಲಿಲ್ಲ. 2008ರಲ್ಲಿ ಅವರು ತೀರಿಕೊಂಡರು. ಅವರು ಬರೆದುದನ್ನು ಓದಿ ತಮ್ಮ ಸೈಕಲ್ಲನ್ನು ತಾವೇ ಸರಿಪಡಿಸಿಕೊಂಡವರು ಅಸಂಖ್ಯ.

ಹಳೆಯದನ್ನು ಕಾಪಾಡುವವರು ಇದ್ದಂತೆ, ಹೊಸದನ್ನು ಕಟ್ಟುವವರೂ ಇದ್ದರು. ಮೋಲ್ಟನ್ ಅವರೇ 1983ರಲ್ಲಿ ಮತ್ತೆ ಕಣಕ್ಕಿಳಿದರು. ತೆಳುವಾದ ಉಕ್ಕಿನ ಕೊಳವೆಗಳನ್ನು ಸೇತುವೆಯ ಕಮಾನಿನಂತೆ ಹೆಣೆದ ಚೌಕಟ್ಟಿನ ಹೊಸ ಸೈಕಲ್ಲು ಅವರ ಊರಿನಲ್ಲಿ ತಯಾರಾಯಿತು. 1986ರಲ್ಲಿ ಜಿಮ್ ಗ್ಲೋವರ್ ಎಂಬ ಸವಾರರು ಗಾಳಿಯನ್ನು ಸೀಳುವ ಕವಚವನ್ನು ತೊಡಿಸಿದ ಇಂತಹ ಸೈಕಲ್ಲಿನ ಮೇಲೆ ಕೆನಡಾದ ವ್ಯಾಂಕೂವರಿನಲ್ಲಿ ಗಂಟೆಗೆ 82 ಕಿಲೋಮೀಟರಿಗೂ ಮಿಗಿಲಾದ ವೇಗವನ್ನು ಸಾಧಿಸಿದರು. ಮೋಲ್ಟನ್ 2012ರಲ್ಲಿ, ತಮ್ಮ 92ನೆಯ ವಯಸ್ಸಿನಲ್ಲಿ ನಿಧನರಾದರು.

ಲಂಡನ್ನಿನ ಆಂಡ್ರೂ ರಿಚಿ ಎಂಬ ಎಂಜಿನಿಯರು 1970ರ ದಶಕದ ನಡುವಿನಲ್ಲಿ ತಮ್ಮ ವಾಸದ ಕೋಣೆಯಲ್ಲಿಯೇ ಕುಳಿತು, 16 ಅಂಗುಲದ ಗಾಲಿಗಳ ಮಡಿಸುವ ಬೈಸಿಕಲ್ಲನ್ನು ರೂಪಿಸಿದರು. ಕಿಟಕಿಯಿಂದ ಕಾಣುತ್ತಿದ್ದ ಇಗರ್ಜಿಯ ಹೆಸರಿನಿಂದ ಅದಕ್ಕೆ ಬ್ರಾಂಪ್ಟನ್ ಎಂದು ಹೆಸರಿಟ್ಟರು. ದೊಡ್ಡ ತಯಾರಕರು ಯಾರೂ ಅದನ್ನು ಮಾಡಲು ಮುಂದೆ ಬರಲಿಲ್ಲ. ಕಡೆಗೆ ಅವರು ಮುಂಗಡ ಹಣ ಕೊಟ್ಟ ಕೆಲವು ಪರಿಚಿತರ ನೆರವಿನಿಂದ 1981ರಲ್ಲಿ ತಾವೇ ತಯಾರಿಕೆಯನ್ನು ಆರಂಭಿಸಿದರು. ಗಾಲಿ ಚಿಕ್ಕದಾದ್ದರಿಂದಲೇ ಅದನ್ನು ಮಡಿಸಿ ಕೈಯಲ್ಲಿ ಹಿಡಿದು ರೈಲಿಗೆ ಹತ್ತುವುದು ಸಾಧ್ಯವಾಯಿತು. ಹಿಂದೆ ಕೊರತೆಯೆಂದು ಎಣಿಸಿದ ಗುಣವೇ ಹೀಗೆ ಹೊಸ ಬಗೆಯ ಬಳಕೆಗೆ ಕಾರಣವಾಯಿತು.

ಭಾರತದಲ್ಲಿ ಬೈಸಿಕಲ್ ಕೈಗಾರಿಕೆ ಬೆಳೆದುದು ಸ್ವಾತಂತ್ರ್ಯಾನಂತರ. 1949ರಲ್ಲಿ ಮದರಾಸಿನಲ್ಲಿ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್ತಿನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ ಸಂಸ್ಥೆಗಳು ಆರಂಭವಾದವು. ಇವು ಹಳ್ಳಿಯ ದಾರಿಗೂ ಭಾರದ ಮೂಟೆಗೂ ತಕ್ಕ ದೊಡ್ಡ ಗಾಲಿಯ ಸೈಕಲ್ಲುಗಳನ್ನು ನಾಡಿಗೆಲ್ಲ ಒದಗಿಸಿದವು. ಇದು ಸರಿಯಾದ ಆಯ್ಕೆಯೇ ಆಗಿತ್ತು. ಮಳೆಗಾಲದಲ್ಲಿ ಕಪ್ಪು ಮಣ್ಣಿನ ಗಾಡಿಜಾಡಿನಲ್ಲಿ 16 ಅಂಗುಲದ ಗಾಲಿ ಎರಡು ಮಾರೂ ಹೋಗಲಾರದು. ಚಿಕ್ಕ ಗಾಲಿ ಎಲ್ಲೆಡೆಯೂ ಶ್ರೇಷ್ಠವೆಂದು ಹೇಳುವುದು, ದೊಡ್ಡ ಗಾಲಿಯೇ ಎಲ್ಲೆಡೆಯೂ ಶ್ರೇಷ್ಠವೆಂದು ಹೇಳಿದಷ್ಟೇ ಅವಿಚಾರ. ಯಾವ ದಾರಿ, ಯಾವ ಹೊರೆ, ಯಾವ ಸವಾರ ಎಂಬುದನ್ನು ನೋಡಿಯೇ ಗಾಲಿಯನ್ನು ಗೊತ್ತುಮಾಡಬೇಕು.

ದಾರಿಗಳು ಬದಲಾದಂತೆ ಉತ್ತರವೂ ಬದಲಾಗುತ್ತದೆ. ಬೆಂಗಳೂರಿನ 'ನಮ್ಮ ಮೆಟ್ರೋ' ರೈಲಿನಲ್ಲಿ ಮಡಿಸುವ ಬೈಸಿಕಲ್ಲನ್ನು ಜೊತೆಗೆ ಒಯ್ಯಲು 2022ರಲ್ಲಿ ಅನುಮತಿ ದೊರೆಯಿತು. ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಕಚೇರಿಗೆ ಚಿಕ್ಕ ಗಾಲಿ. ನಡುವಿನ ದೂರಕ್ಕೆ ರೈಲು. ಎರಡು ವಾಹನಗಳು ಒಂದಕ್ಕೊಂದು ಪೂರಕವಾಗುವುದು ಇಲ್ಲಿ ಕಾಣುತ್ತದೆ. ಸರಿಯಾದ ಸೈಕಲ್ಲು ಸರಿಯಾದ ಸವಾರನಿಗೆ ಸಿಕ್ಕಿದರೆ ಆಗುವ ಬದಲಾವಣೆಗೆ ಹಳ್ಳಿಗಳಲ್ಲಿಯೂ ನಿದರ್ಶನವಿದೆ. ಕರ್ನಾಟಕ ಸರ್ಕಾರವು 2006-07ನೆಯ ಸಾಲಿನಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ನೀಡುವ ಯೋಜನೆಯನ್ನು ಆರಂಭಿಸಿತು. ಹುಡುಗಿಯರಿಗೆ ಕೊಟ್ಟ ಸೈಕಲ್ಲುಗಳಿಗೆ ಅಡ್ಡ ಬಾರು ಇರಲಿಲ್ಲ. ಒಳಪೆಡಲಿನ ಸಾಹಸವಿಲ್ಲದೆ, ಸೀಟಿನ ಮೇಲೆ ನೇರವಾಗಿ ಕುಳಿತು, ಪಕ್ಕದ ಊರಿನ ಪ್ರೌಢಶಾಲೆಗೆ ಹೋದ ಹುಡುಗಿಗೆ ಚೌಕಟ್ಟಿನ ಆಕಾರ ಸಣ್ಣ ಸಂಗತಿಯಲ್ಲ. ಆ ಒಂದು ಕೊಳವೆ ಇದ್ದಿದ್ದರೆ ಅವಳ ಓದು ಏಳನೆಯ ತರಗತಿಗೇ ನಿಲ್ಲುತ್ತಿತ್ತೇನೋ.

ಹಳೆಯ ವಸ್ತುಗಳನ್ನು ಕಾಪಾಡುವ ಪರಿಪಾಟಿ ಕನ್ನಡ ನಾಡಿಗೆ ಹೊಸದಲ್ಲ. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯ 1979ರಲ್ಲಿ ಆರಂಭವಾಯಿತು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ನಿತ್ಯಜೀವನದ ಬಗೆಬಗೆಯ ವಸ್ತುಗಳಿವೆ. ಆದರೆ ರೈಲಿನ ಎಂಜಿನ್ನಿಗೂ ರಾಜರ ಕಾರಿಗೂ ದೊರೆತ ಆಶ್ರಯ ಬಡವನ ಸೈಕಲ್ಲಿಗೆ ದೊರೆತುದು ಕಡಿಮೆ. ಬಾಡಿಗೆ ಅಂಗಡಿಯ ಆ ಚಿಕ್ಕ ಸೈಕಲ್ಲುಗಳಲ್ಲಿ ಎಷ್ಟು ಇಂದು ಉಳಿದಿವೆ? ಒಂದು ಪೀಳಿಗೆಯ ಮಕ್ಕಳೆಲ್ಲ ಅವುಗಳ ಮೇಲೆಯೇ ಸಮತೋಲವನ್ನು ಕಲಿತರು. ಬಳಕೆ ಮುಗಿದ ಮೇಲೆ ಅವು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. ಅವುಗಳೊಂದಿಗೆ ಗಾಲಿಯ ಬಳುಕನ್ನು ಕಣ್ಣಳತೆಯಲ್ಲೇ ತಿದ್ದುತ್ತಿದ್ದ ಕುಶಲಕರ್ಮಿಗಳ ವಿದ್ಯೆಯೂ ಮರೆಯಾಗುತ್ತಿದೆ.

ಗೆದ್ದ ಯಂತ್ರಗಳನ್ನು ಮಾತ್ರ ಉಳಿಸಿದರೆ ಸಾಲದು. ಸಂಗ್ರಾಹಕರ ಕೊಟ್ಟಿಗೆಯಲ್ಲಿ ವೇಗದ ಮೋಲ್ಟನ್ನಿನ ಪಕ್ಕದಲ್ಲಿ ಬೆವರಿಳಿಸುವ ಆರ್.ಎಸ್.ಡಬ್ಲ್ಯು. 16 ಕೂಡ ನಿಂತಿರುತ್ತದೆ. ಅವೆರಡನ್ನೂ ಒಂದರ ಹಿಂದೆ ಒಂದು ತುಳಿದು ನೋಡಿದವನಿಗೆ, ಒಂದೇ ಅಳತೆಯ ಗಾಲಿಗಳು ಹೇಗೆ ಬೇರೆ ಬೇರೆ ಫಲವನ್ನು ಕೊಟ್ಟವು ಎಂಬುದು ಪುಸ್ತಕದ ನೆರವಿಲ್ಲದೆಯೇ ತಿಳಿಯುತ್ತದೆ. ಸೋತ ಪ್ರಯತ್ನವನ್ನು ಎಸೆದುಬಿಟ್ಟರೆ ಮುಂದಿನವರು ಅದೇ ತಪ್ಪನ್ನು ಮೊದಲಿನಿಂದ ಮಾಡಬೇಕಾಗುತ್ತದೆ.

ಹೆಡತಲೆಯ ಚಾವಡಿಯ ಕತೆಯಲ್ಲಿ ಹದಿನಾರು ಮಂದಿ ಅಳಿಯಂದಿರಿಗೆ ಹದಿನಾರು ಮುಖಗಳು. ಬಂದವರೆಲ್ಲ ಒಂದೇ ಬಾಗಿಲಿನಲ್ಲಿ ನುಗ್ಗಲಿ ಎಂದು ಅದನ್ನು ಕಟ್ಟಿದವನು ಎಣಿಸಲಿಲ್ಲ. ಯಂತ್ರವನ್ನು ರೂಪಿಸುವವನ ಮುಂದೆಯೂ ಇರುವುದು ಇದೇ ಧರ್ಮ. ಎಟುಕದ ಸೀಟಿಗಾಗಿ ಮೈಯನ್ನು ಬಾಗಿಸಿದ ಹುಡುಗನ ತಪ್ಪೇನೂ ಇರಲಿಲ್ಲ. ಅವನನ್ನು ನೆನೆಯದೆ ಮಾಡಿದ ಸೈಕಲ್ಲಿನಲ್ಲಿ ಕೊರತೆಯಿತ್ತು. ಮನೆಯ ಹಿತ್ತಲಿನಲ್ಲಿ ಹಳೆಯ ಸೈಕಲ್ಲೊಂದು ಒರಗಿ ನಿಂತಿದ್ದರೆ, ಗುಜರಿಯವನನ್ನು ಕೂಗುವ ಮುನ್ನ ಅದರ ಧೂಳನ್ನೊಮ್ಮೆ ಒರಸಿ ನೋಡುವುದು ಒಳ್ಳೆಯದು. ಅದರ ಮೇಲಿನ ಅಂಕಿಗಳನ್ನು ಓದಿ, ಅದು ಹೊತ್ತ ಭಾರದ ಕತೆಯನ್ನು ಮನೆಯ ಹಿರಿಯರಿಂದ ಕೇಳಿ ತಿಳಿಯುವವರೆಗೆ ಗುಜರಿಯವನು ಕಾಯಬಹುದು.

ಅಭ್ಯಾಸ

1. ಪೆಡಲನ್ನು ಗಾಲಿಗೇ ಜೋಡಿಸಿದಾಗ ಗಾಲಿಯ ಗಾತ್ರ ಏಕೆ ಹೆಚ್ಚುತ್ತ ಹೋಯಿತು? ಚೈನು ಬಂದ ಮೇಲೆ ಏನು ಬದಲಾಯಿತು?

2. ಚಿಕ್ಕ ಗಾಲಿಯ ಎರಡು ಕೊರತೆಗಳಾವುವು? ಅಲೆಕ್ಸ್ ಮೋಲ್ಟನ್ ಅವುಗಳನ್ನು ಹೇಗೆ ತುಂಬಿದರು?

3. "ಹೆಚ್ಚು ತಿರುಗುವುದು ಗಾಲಿ; ಕಾಲಲ್ಲ." ಈ ಮಾತನ್ನು ಲೆಕ್ಕದ ಮೂಲಕ ಸಮರ್ಥಿಸಿರಿ. ನಿಮ್ಮ ಮನೆಯ ಅಥವಾ ನೆರೆಮನೆಯ ಸೈಕಲ್ಲಿನ ಹಲ್ಲುಗಳನ್ನು ಎಣಿಸಿ, ಪೆಡಲಿನ ಒಂದು ಸುತ್ತಿಗೆ ಅದು ಎಷ್ಟು ದೂರ ಸಾಗುತ್ತದೆಂದು ಕಂಡುಹಿಡಿಯಿರಿ.

4. ಶಾಸನವನ್ನು ಓದುವ ವಿದ್ವಾಂಸನಿಗೂ ಹಳೆಯ ಸೈಕಲ್ಲಿನ ಸಂಗ್ರಾಹಕನಿಗೂ ಇರುವ ಹೋಲಿಕೆಯನ್ನು ವಿವರಿಸಿರಿ.

5. ಸೋತ ಪ್ರಯತ್ನಗಳನ್ನೂ ಕಾಪಾಡಬೇಕು ಎಂಬ ಅಭಿಪ್ರಾಯವನ್ನು ನೀವು ಒಪ್ಪುವಿರಾ? ಕಾರಣಗಳೊಂದಿಗೆ ಒಂದು ಪುಟ ಬರೆಯಿರಿ.